ಓಬಳಪ್ಪನ ಹೆಸರಿನ ರಕ್ತ

ಯಶವಂತನಗರದ ಹತ್ತಿರದ ಗಣಿ ಕಂಪನಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮೆಡಿಕಲ್ ಚೆಕಪ್ಪನ್ನು ಕೆಲಸಗಾರರು ಪರೀಕ್ಷೆ ಎಂದೇ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿಗೆ ಓದದವರೂ ಇದಕ್ಕೆ ತಯಾರಿ ಮಾಡುತ್ತಾರೆ. ದಿನ ಗೊತ್ತಾದ ಕೂಡಲೇ ಸಂಡೂರಿನ ಸಂತೆಯಲ್ಲಿ ಹಾಗಲಕಾಯಿಗೆ ಎಲ್ಲಿಲ್ಲದ ಗಿರಾಕಿ. ಬಿ.ಪಿ. ಇದ್ದವರು ಉಪ್ಪು ಬಿಡುತ್ತಾರೆ, ಶುಗರ್ ಇದ್ದವರು ಚಹಾ ಬಿಡುತ್ತಾರೆ, ಏನೂ ಇಲ್ಲದವರು ಸುಮ್ಮನೆ ಹೆದರಿ ಎರಡನ್ನೂ ಬಿಡುತ್ತಾರೆ. ರಕ್ತ ಕೊಟ್ಟು ತೋಳಿನ ಹತ್ತಿ ಇನ್ನೂ ಒಣಗಿರುವುದಿಲ್ಲ, ಅಷ್ಟರಲ್ಲೇ ಸಮುದಾಯ ಭವನದ ಹಿಂದುಗಡೆ ಕಂಪನಿಯವರು ಇಟ್ಟ ಉಪ್ಪಿಟ್ಟು, ಬಾಳೆಹಣ್ಣು, ಸಕ್ಕರೆ ಸುರಿದ ಚಹಾದ ಮೇಲೆ ಮುಗಿಬಿದ್ದು ಅಷ್ಟು ದಿನದ ವ್ರತವನ್ನು ಅಲ್ಲೇ ಮುರಿಯುತ್ತಾರೆ.

ರಕ್ತ ತೆಗೆಯಲು ಹೊಸಪೇಟೆಯಿಂದ ಬರುವ ಲ್ಯಾಬಿನವರಿಗೆ ಈ ಆಟವೆಲ್ಲ ಗೊತ್ತು. ಅವರಲ್ಲಿ ಒಬ್ಬಳಾದ ಸುಧಾರಾಣಿಗಂತೂ ಮನೆಯಲ್ಲೇ ಗೊತ್ತು. ಅವಳ ಅಪ್ಪ ಓಬಳಪ್ಪ ಅದೇ ಕಂಪನಿಯಲ್ಲಿ ಅದಿರು ಹೊರುವ ಡಂಪರ್ ಓಡಿಸುತ್ತಿದ್ದ. ಚೆಕಪ್ ಹತ್ತಿರ ಬಂತೆಂದರೆ ಸಂಡೂರಿನ ಅವರ ಮನೆಯ ಒಲೆಯ ಮೇಲೆ ಹಾಗಲಕಾಯಿ ಬಿಟ್ಟು ಬೇರೆ ಪಲ್ಯ ಏರುತ್ತಿರಲಿಲ್ಲ. ಅವ್ವ ಪಕೀರಮ್ಮ ಬೈದುಕೊಂಡೇ ಮಾಡುತ್ತಿದ್ದಳು, ಎಲ್ಲರೂ ಮುಖ ಕಿವುಚಿಕೊಂಡೇ ತಿನ್ನುತ್ತಿದ್ದರು. ಓಬಳಪ್ಪನಿಗೆ ಶುಗರ್ ಇದೆ ಎಂಬುದು ಆ ಮನೆಯ ಮೂರು ಜನ ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

ಆ ಮನೆಯ ಪಡಸಾಲೆಯಲ್ಲಿ ಬಾಬಾಸಾಹೇಬರದು ಒಂದು, ಬುದ್ಧನದು ಒಂದು ಫೋಟೋ ಇದ್ದವು. ಅವುಗಳ ಕೆಳಗೆ ಸುಧಾರಾಣಿ ಬಿಳಿ ಕೋಟು ಹಾಕಿಕೊಂಡು ನಿಂತ ಫೋಟೋ. ಪಿಯುಸಿ ಸೈನ್ಸ್ ಮುಗಿಸಿ ಬಳ್ಳಾರಿಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ ಮಾಡಿ, ಪ್ಯಾರಾಮೆಡಿಕಲ್ ಬೋರ್ಡಿನಲ್ಲಿ ಹೆಸರು ನೋಂದಾಯಿಸಿ ಬಂದ ದಿನ ಓಬಳಪ್ಪನೇ ಸ್ಟುಡಿಯೋಗೆ ಎಳೆದುಕೊಂಡು ಹೋಗಿ ತೆಗೆಸಿದ್ದು. ಮನೆಗೆ ಬಂದವರು ನೀರು ಕುಡಿಯುವ ಮೊದಲು ಆ ಫೋಟೋ ನೋಡಬೇಕು. "ನಮ್ಮ ಹುಡುಗಿ ರಕ್ತ ನೋಡಿ ರೋಗ ಹೇಳ್ತಾಳ" ಎಂಬ ಮಾತು ಕೇಳಬೇಕು. ಹಾಲು ಹಾಕುವವನೂ ಇದರಿಂದ ತಪ್ಪಿಸಿಕೊಂಡವನಲ್ಲ.

ಹೊಸಪೇಟೆಯ ಲ್ಯಾಬಿನಲ್ಲಿ ಅವಳ ಸರ್ಟಿಫಿಕೇಟಿಗೆ ಇನ್ನೂ ದೊಡ್ಡ ಮರ್ಯಾದೆ. ಮಾಲೀಕ ಕೊಟ್ರಯ್ಯ ಅದಕ್ಕೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದ. ಅಲ್ಲಿ ಬೋರ್ಡಿನ ನಂಬರು ಇದ್ದವಳು ಅವಳೊಬ್ಬಳೇ. ರಿಪೋರ್ಟಿನ ಕೆಳಗೆ ಬಲಕ್ಕೆ ಡಾಕ್ಟರ ಸಹಿ, ಎಡಕ್ಕೆ "ಪರೀಕ್ಷಿಸಿದವರು" ಎಂಬಲ್ಲಿ ಸುಧಾರಾಣಿಯ ಸಹಿ ಮತ್ತು ನಂಬರು. ಅವಳ ಜೊತೆಯ ಹುಲುಗೇಶ್ ವಯಸ್ಸಿನಲ್ಲಿ ಹಿರಿಯ, ಸೂಜಿ ಹಿಡಿದರೆ ಮಕ್ಕಳೂ ಅಳುತ್ತಿರಲಿಲ್ಲ. ಆದರೆ ಕೆಲಸವನ್ನು ನೋಡಿ ಕಲಿತವನು, ಸಹಿ ಮಾಡುವ ಹಾಗಿರಲಿಲ್ಲ. ಅದಕ್ಕೆ ಅವನಿಗೆ ಬೇಸರವೂ ಇರಲಿಲ್ಲ. "ನೀ ಬರಿ ತಂಗಿ, ನಾ ಚುಚ್ಚತೀನಿ" ಎನ್ನುತ್ತಿದ್ದ.

ಕೆಲಸವೆಂದರೆ ಮೈಮುರಿಯುವ ಕೆಲಸ. ಬೆಳಗ್ಗೆ ಸಂಡೂರಿನ ಬಸ್ಸು ಹತ್ತಿ ಬಂದವಳು ಸಂಜೆಯ ತನಕ ನಿಂತೇ ಇರಬೇಕು. ಕಂಪ್ಲಿಯಿಂದ, ಮರಿಯಮ್ಮನಹಳ್ಳಿಯಿಂದ ಬಸ್ಸಿನಲ್ಲಿ ಐಸ್ ಡಬ್ಬಿಗಳು ಬರುತ್ತಿದ್ದವು. ಒಂದೊಂದರಲ್ಲೂ ಯಾರದೋ ಜ್ವರ, ಯಾರದೋ ಬಸುರು, ಯಾರದೋ ಭಯ. ಸಂಜೆ ಹೊತ್ತಿಗೆ ಅವಳ ಕಾಲು ಬಾತು ಗೆಜ್ಜೆ ಒತ್ತಿದ ಗುರುತು ಬೀಳುತ್ತಿತ್ತು, ತಲೆ ಸಿಡಿಯುತ್ತಿತ್ತು. ನಿಂತು ನಿಂತು ಕಾಲು ಬಾತಿದೆ, ಮೈಕ್ರೋಸ್ಕೋಪು ನೋಡಿ ನೋಡಿ ತಲೆ ನೋಯುತ್ತಿದೆ ಎಂದು ಅವಳೇ ತೀರ್ಮಾನಿಸಿ ಮಾತ್ರೆ ನುಂಗುತ್ತಿದ್ದಳು. ಊರಿನವರ ರಕ್ತವನ್ನೆಲ್ಲ ನೋಡುವವಳು ತನ್ನದನ್ನು ಒಂದು ಸಲವೂ ನೋಡಿರಲಿಲ್ಲ. ಅಡಿಗೆಯವರಿಗೆ ಹಸಿವಾಗುವುದಿಲ್ಲ ಅಂತಾರಲ್ಲ, ಅಂಥದ್ದೇ ಏನೋ.

ಆ ವರ್ಷ ಕಂಪನಿಯ ಹೊಸ ಡಾಕ್ಟರು ಪರೀಕ್ಷೆಯ ಪಟ್ಟಿಗೆ ಮೂರು ತಿಂಗಳ ಸಕ್ಕರೆಯನ್ನು ಸೇರಿಸಿದರು. ಹಿಂದಿನ ದಿನದ ಉಪವಾಸಕ್ಕೆ ಅದು ಬಗ್ಗುವುದಿಲ್ಲ. ಮೂರು ತಿಂಗಳಲ್ಲಿ ನಾಲಿಗೆ ಏನೇನು ಮಾಡಿದೆಯೋ ಎಲ್ಲವನ್ನೂ ಹೇಳಿಬಿಡುತ್ತದೆ. ಸುದ್ದಿ ಕೇಳಿ ಗಣಿಯಲ್ಲಿ ಗಂಡಸರ ಮುಖ ಸಣ್ಣದಾಯಿತು. ಹಿಂದಿನ ವರ್ಷ ಜಡೆಪ್ಪ ಎಂಬ ಆಪರೇಟರನಿಗೆ ಶುಗರ್ ಹೆಚ್ಚಿ ಕಣ್ಣು ಮಂಜಾಗಿ ಡಂಪರಿನ ಹಿಂಗಾಲಿ ಗುಂಡಿಯ ಅಂಚಿಗೆ ಹೋಗಿ ನಿಂತಿತ್ತು. ಅವನನ್ನು ಗಾಡಿಯಿಂದ ಇಳಿಸಿದರು. ಈಗ ಗೇಟಿನಲ್ಲಿ ನಿಂತು ಲಾರಿಗಳಿಗೆ ನೀರು ಹೊಡೆಯುತ್ತಾನೆ, ಮೊದಲು ಜೊತೆಗೆ ಚಹಾ ಕುಡಿದವರು ಈಗ ಹಾರ್ನ್ ಹೊಡೆದು ಹೋಗುತ್ತಾರೆ.

ಓಬಳಪ್ಪ ಮಗಳ ಹತ್ತಿರ ಬಂದು ಕೂತ.

"ಸುಧವ್ವ, ಈ ಸಲ ಮೂರು ತಿಂಗಳದ್ದು ನೋಡ್ತಾರಂತಲ್ಲ, ಖರೇ ಏನು?"

"ಹೌದಪ್ಪ. ಹಾಗಲಕಾಯಿ ನಡಿಯಂಗಿಲ್ಲ."

"ಹಂಗಾರ ನಾನೂ ಜಡೆಪ್ಪನ ಬಾಜೂಕ ನಿಂದ್ರದ ಸೈ." ಮಗಳ ಕಡೆ ಸರಿದು ಕೇಳಿದ, "ಅಲ್ಲವ್ವ, ಬಾಟ್ಲಿ ಮ್ಯಾಲೆ ಹೆಸರು ಅಂಟಿಸಾಕಿ ನೀನಲ್ಲ?"

ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. "ಅದು ಆಗಂಗಿಲ್ಲಪ್ಪ. ಗೊತ್ತಾದ್ರ ನನ್ನ ನಂಬರ್ ತೆಗೆದು ಹಾಕ್ತಾರ. ಓದಿದ್ದೆಲ್ಲ ನೀರಾಗ ಹೋಗ್ತೈತಿ."

"ಹಂಗಾರ ಬ್ಯಾಡ ಬಿಡು. ನಾ ಕೇಳಿದ್ದ ತಪ್ಪು" ಎಂದು ಓಬಳಪ್ಪ ಎದ್ದ.

ಮತ್ತೆ ಕೇಳಿದ್ದರೆ ಅವಳು ಜಗಳವಾಡುತ್ತಿದ್ದಳು. ಅವನು ಕೇಳಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದ. ಮನೆಗೆ ಬಂದವರಿಗೆ ಫೋಟೋ ತೋರಿಸುವುದನ್ನೂ ಬಿಟ್ಟ. ಅದೊಂದೇ ಅವಳಿಗೆ ತಡೆಯಲಾಗಲಿಲ್ಲ. ಆ ಡಂಪರಿನ ಮೇಲೆ ಕೂತೇ ಈ ಮನುಷ್ಯ ತನ್ನನ್ನು ಓದಿಸಿದ್ದು, ಅದರಿಂದ ಇಳಿಸಿದರೆ ಬದುಕಿಯೂ ಸತ್ತ ಹಾಗೆ ಇರುತ್ತಾನೆ ಎಂದು ಅವಳಿಗೆ ಅನ್ನಿಸಿತು. ಚೆಕಪ್ಪಿನ ಹಿಂದಿನ ಸಂಜೆ ತಾನೇ ಹೋಗಿ ಕೇಳಿದಳು.

"ಗುಳಿಗಿ ಬರೆಸಿಕೊಂಡು ಬಂದ್ರ ದಿನಾ ತಗೊಂತೀಯೇನು? ನಿದ್ದಿಗಣ್ಣಾಗ ಗಾಡಿ ಹತ್ತಂಗಿಲ್ಲ ಅಂತ ಮಾತು ಕೊಡ್ತೀಯೇನು?"

"ನೀ ಹೇಳಿದ್ದೆಲ್ಲ ಕೇಳ್ತೀನವ್ವ."

"ಹಂಗಾರ ನಾಳೆ ಸುಮ್ನ ಬಂದು ಕೈ ಚಾಚು."

ಯಾರ ರಕ್ತ ಎಂದು ಓಬಳಪ್ಪ ಕೇಳಿದ. ಯಾರೋ ಒಬ್ಬರು ಗಟ್ಟಿಮುಟ್ಟು ಇರುವವರದು, ನಿನಗ್ಯಾಕೆ ಅಂದಳು. ಅವಳು ಹೆಚ್ಚು ಯೋಚಿಸಿರಲೂ ಇಲ್ಲ. ಬೇರೆ ಯಾರನ್ನಾದರೂ ಕೇಳಿದರೆ ಕಾರಣ ಹೇಳಬೇಕು. ತನ್ನದಾದರೆ ಯಾರಿಗೂ ಹೇಳಬೇಕಿಲ್ಲ. ಹರೆಯದ ಮೈ, ಶುಗರ್ ಇಲ್ಲ, ಒಂದು ದಿನವೂ ಹಾಸಿಗೆ ಹಿಡಿದಿದ್ದಿಲ್ಲ. ತನ್ನ ಮೈಯಲ್ಲಿ ಏನಿರಲು ಸಾಧ್ಯ?

ಯಶವಂತನಗರದ ಸಮುದಾಯ ಭವನದಲ್ಲಿ ಜನ ಸೇರುವ ಮೊದಲೇ ಅವಳು ವೇದಿಕೆಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರಬ್ಬರ್ ಪಟ್ಟಿಯನ್ನು ಹಲ್ಲಿನಿಂದ ಎಳೆದು ಎಡತೋಳಿಗೆ ಕಟ್ಟಿದಳು. ಬಲಗೈಯಿಂದ ಚುಚ್ಚಿಕೊಂಡು, ನೇರಳೆ ಮುಚ್ಚಳದ್ದು, ಕೆಂಪು ಮುಚ್ಚಳದ್ದು, ಬೂದು ಮುಚ್ಚಳದ್ದು, ಮೂರೂ ಬಾಟಲಿ ತುಂಬಿಸಿ ಕೋಟಿನ ಜೇಬಿಗೆ ಇಳಿಸಿದಳು. ಜೇಬು ಬೆಚ್ಚಗಾಯಿತು.

ಸಾಲಿನಲ್ಲಿ ಓಬಳಪ್ಪನ ಸರದಿ ಬಂತು. ಸೂಜಿ ಹಾಕುವ ಮೊದಲು ಎದುರಿಗಿರುವವರ ಹೆಸರನ್ನು ಅವರ ಬಾಯಿಂದಲೇ ಕೇಳಬೇಕು, ಅದು ಈ ವಿದ್ಯೆಯ ಮೊದಲ ಪಾಠ. ಹಿಂದೆ ನಿಂತವರೆಲ್ಲ ನೋಡುತ್ತಿದ್ದರು.

"ಹೆಸರೇನ್ರಿ?" ಎಂದು ಕೇಳಿದಳು.

"ಓಬಳಪ್ಪ, ತಂದೆ ಮೂಕಣ್ಣ" ಎಂದು ಅವನು ಶಾಲೆಯ ಹುಡುಗನಂತೆ ಜೋರಾಗಿ ಹೇಳಿದ. ಹಿಂದಿದ್ದವರು ನಕ್ಕರು. ಅಪ್ಪ ಮಗಳಿಗೆ ಹೆಸರು ಹೇಳುವುದೆಂದರೆ ನಗು ಬರುವಂಥದ್ದೇ. ಅವಳು ಅವನ ರಕ್ತವನ್ನೂ ತೆಗೆದಳು, ಹೆಸರಿನ ಚೀಟಿಯನ್ನು ಮಾತ್ರ ಜೇಬಿನ ಬಾಟಲಿಗಳಿಗೆ ಅಂಟಿಸಿದಳು. ಓಬಳಪ್ಪನ ನಿಜವಾದ ರಕ್ತ ಸೂಜಿಗಳ ಜೊತೆ ಕಸದ ಡಬ್ಬಿಗೆ ಹೋಯಿತು. ಅವನು ತೋಳು ಮಡಚಿಕೊಂಡು ಉಪ್ಪಿಟ್ಟಿನ ಕಡೆ ಹೋಗುವಾಗ ಹಿಂದಿರುಗಿ ನೋಡಿದ. ಬಹಳ ದಿನದ ಮೇಲೆ ಅಪ್ಪನ ಮುಖದಲ್ಲಿ ನಗು ಕಂಡು ಅವಳಿಗೆ ಮನಸ್ಸು ಹಗುರವಾಯಿತು.

ಮಧ್ಯಾಹ್ನ ಲ್ಯಾಬಿಗೆ ಮರಳಿದ ಮೇಲೆ ಹುಲುಗೇಶ್ ಗಣಿಯ ಬಾಟಲಿಗಳನ್ನು ಮೆಷಿನ್ನಿಗೆ ಜೋಡಿಸಿದ. ಸುಧಾರಾಣಿ ಕಂಪ್ಲಿಯಿಂದ ಬಂದ ಜ್ವರದ ಸ್ಲೈಡುಗಳ ಮೇಲೆ ಬಗ್ಗಿದ್ದಳು. ಹುಲುಗೇಶ್ ಬಂದು ಅವಳ ಹಿಂದೆ ನಿಂತುಕೊಂಡ. ಯಾವತ್ತೂ ಏನಾದರೊಂದು ಹಾಸ್ಯ ಮಾಡಿಯೇ ಮಾತು ಶುರು ಮಾಡುವವನು ಇವತ್ತು ಸ್ಟೂಲು ಎಳೆದು ಅವಳ ಮುಂದಿಟ್ಟ.

"ತಂಗಿ, ಒಂದೀಟು ಕುಂದ್ರು. ನಿಮ್ಮಪ್ಪಂದು ಒಂದು ಮಾತು ಹೇಳಬೇಕು."

ಸಿಕ್ಕಿಬಿದ್ದೆ ಎಂದುಕೊಂಡಳು.

"ಅವರ ಕಿಡ್ನಿ ಹೋಗ್ಯಾವ ತಂಗಿ. ಕ್ರಿಯಾಟಿನಿನ್ ಎಂಟರ ಹತ್ರ ಐತಿ. ಒಂದರ ಸುತ್ತ ಇರಬೇಕಾದ್ದು. ರಕ್ತನೂ ಅರ್ಧಕ್ಕ ಇಳದೈತಿ. ನಾ ಎರಡು ಸಲ ಹಾಕಿದೆ, ಅಷ್ಟ ಬಂತು." ಅವನ ಕಣ್ಣು ತುಂಬಿದ್ದವು. "ಇಂಥಾದ್ದು ಬಂದ್ರ ಪ್ರಿಂಟ್ ಆಮ್ಯಾಲೆ, ಮೊದಲು ಫೋನ್ ಮಾಡಬೇಕಲ್ಲ, ಕಂಪನಿ ಡಾಕ್ಟರ್ಗೆ ಹೇಳೀನಿ. ಗಾಡಿ ಮ್ಯಾಲೆ ಇದ್ರ ಇಳಿಸ್ರಿ ಅಂದೀನಿ. ಅವರಿಗೆ ಕಾಲು ಬಾವು ಬರ್ತಿತ್ತೇನು?"

"ಇಲ್ಲ" ಎಂದಳು ಸುಧಾರಾಣಿ. ಹಾಗೆನ್ನುವಾಗ ಅವಳ ಕಣ್ಣು ತನ್ನ ಕಾಲಿನ ಮೇಲೆ ಬಿತ್ತು. ಗೆಜ್ಜೆ ಮಾಂಸದೊಳಗೆ ಹೂತಿತ್ತು.

"ಸಕ್ಕರಿ ಮಾತ್ರ ನೋಡು, ಸಣ್ಣ ಹುಡುಗರದಂಗ ಐತಿ" ಎಂದು ಹುಲುಗೇಶ್ ಸಮಾಧಾನಕ್ಕೆ ಸೇರಿಸಿದ.

ಅವನು ಚಹಾ ತರಲು ಹೋದ ಕೂಡಲೇ ಅವಳು ಇನ್ನೊಂದು ತೋಳಿಗೆ ಚುಚ್ಚಿಕೊಂಡು ಬಾಟಲಿ ತುಂಬಿಸಿ, ಅದರ ಮೇಲೆ ಯಾರ ಹೆಸರನ್ನೂ ಬರೆಯದೆ, ತಾನೇ ಮೆಷಿನ್ನಿಗೆ ಇಟ್ಟಳು. ಮೆಷಿನ್ನಿಗೆ ಅಪ್ಪ ಯಾರು ಮಗಳು ಯಾರು ಎಂಬ ಪರಿವೆ ಇಲ್ಲ. ಅದೇ ಅಂಕಿಯನ್ನು ಮತ್ತೆ ತೋರಿಸಿತು.

ಸಂಡೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಲೆಕ್ಕ ಹಾಕಿದಳು. ಅದು ಅಪ್ಪನ ರಕ್ತವಲ್ಲ ಎಂದು ಹೇಳಬಹುದು. ಹೇಳಿದರೆ ಮತ್ತೆ ರಕ್ತ ತೆಗೆಯುತ್ತಾರೆ, ಶುಗರ್ ಹೊರಬೀಳುತ್ತದೆ, ಅಪ್ಪ ಹೇಗೂ ಗಾಡಿಯಿಂದ ಇಳಿಯುತ್ತಾನೆ. ಹಿಂದೆಯೇ ಬಾಟಲಿಗೆ ಚೀಟಿ ಅಂಟಿಸಿದವರಾರು ಎಂಬ ಪ್ರಶ್ನೆ ಬರುತ್ತದೆ. ಹೇಳದಿದ್ದರೆ ಇಲ್ಲದ ರೋಗಕ್ಕೆ ಅಪ್ಪ ಕೆಲಸ ಕಳೆದುಕೊಳ್ಳುತ್ತಾನೆ. ಯಾವ ಕಡೆಯಿಂದ ಹೋದರೂ ಅದೇ ಗುಂಡಿ. ಅದೆಲ್ಲದರ ಅಡಿಯಲ್ಲಿ ಇನ್ನೊಂದು ವಿಷಯ ಇತ್ತು. ಅದರ ಹತ್ತಿರ ಅವಳು ಹೋಗಲೇ ಇಲ್ಲ. ತನ್ನ ಕಿಡ್ನಿ ಎಂದು ಮನಸ್ಸಿನಲ್ಲಿಯೂ ಅಂದುಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಸುದ್ದಿ ಅವಳಿಗಿಂತ ಮೊದಲು ಬಂದು ತಲುಪಿತ್ತು. ಒಳಗೆ ಪಕೀರಮ್ಮ ತಲೆಯ ಮೇಲೆ ಕೈ ಹೊತ್ತು ಅಳುತ್ತಿದ್ದಳು, ಓಣಿಯ ಹೆಂಗಸರು ಅವಳಿಗಿಂತ ಜೋರಾಗಿ ಅಳುತ್ತಿದ್ದರು. ಅವರ ನಡುವೆ ಓಬಳಪ್ಪ ಒಬ್ಬನೇ ಆರಾಮಾಗಿ ಕೂತಿದ್ದ. ಮಗಳನ್ನು ಕಂಡು ಎದ್ದು, ಬಾ ಎಂದು ಹಿತ್ತಲಿಗೆ ಕರೆದುಕೊಂಡು ಹೋದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ನಮ್ಮ ಕತಿ ಇರಲಿ ಬಿಡವ್ವ. ಕೆಲಸ ಹೋದ್ರ ಹೋತು, ಏನಾರ ಮಾಡಿಕೊಂಡು ತಿಂತೀವಿ. ಆ ರಕ್ತ ಯಾರದು? ಪಾಪ, ಅವರಿಗೆ ಹೇಳಿದಿಯೇನು?"

ಅವಳು ಹಿತ್ತಲ ಬಾಗಿಲನ್ನು ಮುಂದೆ ಮಾಡಿದಳು.

"ನಾ ಸುದ್ದಿ ಬಂದಾಗಿಂದ ಅದನ್ನ ವಿಚಾರ ಮಾಡಾಕತ್ತೀನಿ. ಇಲ್ಲಿ ನನ್ನ ಸಲುವಾಗಿ ಇಷ್ಟು ಮಂದಿ ಅಳಾಕತ್ತಾರ, ಅಲ್ಲಿ ಆ ಮನುಷ್ಯಾ ಗೊತ್ತಿಲ್ಲದ ನಕ್ಕೊಂತ ಕುಂತಿರಬೇಕು. ಹೆಂಡ್ತಿ ಮಕ್ಕಳು ಇರ್ತಾರ. ಜಲ್ದಿ ಹೇಳಬೇಕವ್ವ, ಹೇಳದ ಇದ್ರ ಪಾಪ ಬರ್ತೈತಿ. ನಿನಗ ಬಾಯಿ ಬರದಿದ್ರ ನಾ ಹೋಗಿ ಹೇಳ್ತೀನಿ. ಯಾರು ಹೇಳು."

ಸುಧಾರಾಣಿ ಗೋಡೆಗೆ ಒರಗಿದಳು. ತೋಳಿನ ಮಡಿಕೆಯಲ್ಲಿ ಅಂಟಿಸಿದ್ದ ಹತ್ತಿಯನ್ನು ತೆಗೆಯಲು ಮರೆತಿದ್ದಳು. ಎರಡೂ ತೋಳಿನಲ್ಲಿ ಇತ್ತು. ಓಬಳಪ್ಪನ ಕಣ್ಣು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ನಿಂತಿತು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತು ಮಗಳ ಬಾತ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಳಗಿನ ಅಳುವಿನಲ್ಲಿ ಅವನ ಅಳು ಯಾರಿಗೂ ಕೇಳಲಿಲ್ಲ.

ಕಂಪನಿಯ ಡಾಕ್ಟರು ಒಳ್ಳೆಯವರು, ಇನ್ನೊಮ್ಮೆ ಬಳ್ಳಾರಿಯಲ್ಲಿ ರಕ್ತ ಪರೀಕ್ಷೆ ಮಾಡಿಸೋಣ, ಲ್ಯಾಬಿನವರು ತಪ್ಪಿರಬಹುದು ಎಂದರು. ಬದುಕಬೇಕೆನ್ನುವ ಯಾರಾದರೂ ಒಪ್ಪುವ ಮಾತು ಅದು. ಓಬಳಪ್ಪ ಒಪ್ಪಲಿಲ್ಲ. "ಲ್ಯಾಬಿನವರದು ತಪ್ಪಿಲ್ರಿ ಸಾರ್. ನನ್ನ ಮೈ ನನಗ ಗೊತ್ತೈತಿ. ಭಾಳ ದಿನದಿಂದ ಕಾಲು ಬಾಯ್ತಾವ" ಎಂದು, ಇಲ್ಲದ ಬಾವನ್ನು ಮುಟ್ಟಿ ತೋರಿಸಿ, ಹೆಬ್ಬೆಟ್ಟಲ್ಲ, ಮಗಳು ಕಲಿಸಿದ ಸಹಿಯನ್ನೇ ಮಾಡಿ ಕೆಲಸ ಬಿಟ್ಟು ಬಂದ. ಡಂಪರಿನ ಬಾಗಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡನಂತೆ. ಜೊತೆಯವರು ಅದನ್ನು ಹೇಳಿ ಅತ್ತರು.

ಅಲ್ಲಿಂದ ಶುರುವಾಯಿತು ಅವರ ಬಳ್ಳಾರಿ ಓಡಾಟ. ಊರಿನವರಿಗೆ ಓಬಳಪ್ಪ ರೋಗಿ, ಮಗಳು ಕರೆದುಕೊಂಡು ಹೋಗುವವಳು. ಬಸ್ಸಿನಲ್ಲಿ ಪರಿಚಯದವರು ಎದ್ದು ಅವನಿಗೆ ಸೀಟು ಬಿಟ್ಟುಕೊಡುತ್ತಿದ್ದರು. ಅವನು ಅದರಲ್ಲಿ ಮಗಳನ್ನು ಕೂರಿಸಿ ತಾನು ಕಂಬಿ ಹಿಡಿದು ನಿಲ್ಲುತ್ತಿದ್ದ. "ರೋಗಿನ್ನ ನಿಂದ್ರಿಸಿ ತಾ ಕುಂತಾಳ ನೋಡು, ಓದಿದಾಕಿ" ಎಂದು ಒಬ್ಬ ಮುದುಕಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಸುಧಾರಾಣಿ ತಲೆ ತಗ್ಗಿಸಿ ಕೂತಳು. ಏಳಲು ಅವಳಿಗೆ ಶಕ್ತಿ ಇರಲಿಲ್ಲ.

ಬಳ್ಳಾರಿಯ ಡಾಕ್ಟರು ಹೊಟ್ಟೆ ಸ್ಕ್ಯಾನ್ ಮಾಡಿ, ಎರಡೂ ಕಿಡ್ನಿ ಸಣ್ಣಗಾಗಿವೆ, ಯಾಕೆ ಎಂದು ಈಗ ಹೇಳಲಾಗದು, ವರ್ಷಗಳಿಂದ ಆದದ್ದು ಎಂದರು. ಸಣ್ಣ ವಯಸ್ಸಿನವಳ ಬಿ.ಪಿ.ಯನ್ನು ಯಾರೂ ನೋಡಿರಲಿಲ್ಲ. ನೀವು ಲ್ಯಾಬಿನವರೇ ಅಲ್ಲವಾ ಎಂದು ಅವರು ಕೇಳಿದರು. ಸ್ವಲ್ಪ ಕಾಲದಲ್ಲೇ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಆಗ ವಿಷಯ ಮುಚ್ಚಿಡಲು ಆಗಲಿಲ್ಲ. ಅಪ್ಪನ ರೋಗ ಮಗಳಿಗೆ ಇಳಿದಿದೆ ಎಂದು ಓಣಿಯವರು ತಾವೇ ಅರ್ಥ ಮಾಡಿಕೊಂಡರು. ಪಕೀರಮ್ಮ ನಿಜ ಗೊತ್ತಿದ್ದೂ ತುಟಿ ಪಿಟ್ಟೆನ್ನಲಿಲ್ಲ. ಓಬಳಪ್ಪನಿಗೆ ಗುಣವಾಗುತ್ತಿದೆಯಲ್ಲ, ಬಾವೆಲ್ಲ ಇಳಿದಿದೆಯಲ್ಲ ಎಂದು ಯಾರಾದರೂ ಅಂದರೆ ಒಳಗೆದ್ದು ಹೋಗುತ್ತಿದ್ದಳು.

ಬೇರೆ ಕಿಡ್ನಿ ಹಾಕುವುದೊಂದೇ ದಾರಿ ಎಂದರು ಡಾಕ್ಟರು. ಪಕೀರಮ್ಮನ ರಕ್ತದ ಗುಂಪು ಹೊಂದಲಿಲ್ಲ. ಓಬಳಪ್ಪನದು ಹೊಂದಿತು. ಕೇಳಿದ ಕೂಡಲೇ ಓಬಳಪ್ಪ ಅಲ್ಲೇ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಎದ್ದು ನಿಂತು ಅಂಗಿಯ ಗುಂಡಿ ಬಿಚ್ಚತೊಡಗಿದ. ಡಾಕ್ಟರಿಗೆ ನಗು ಬಂತು. ಶುಗರ್ ಇರುವುದನ್ನು ಹೇಳಿದಾಗ ಆ ನಗು ಹೋಯಿತು. ಶುಗರ್ ಇದ್ದವರದನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಹತೋಟಿಗೆ ತಂದುಕೊಂಡು ಬನ್ನಿ, ಮೂತ್ರ ಸ್ವಚ್ಛವಾಗಿದ್ದರೆ, ಅಂದರೆ ಕಿಡ್ನಿಗೆ ಪೆಟ್ಟು ಬಿದ್ದಿಲ್ಲದಿದ್ದರೆ, ಆಮೇಲೆ ನೋಡೋಣ ಎಂದರು. ಅಷ್ಟು ಮಾತಿನಲ್ಲಿ ಓಬಳಪ್ಪನಿಗೆ ಕೇಳಿಸಿದ್ದು ನೋಡೋಣ ಎಂಬುದೊಂದೇ.

ಮತ್ತೆ ಒಲೆಯ ಮೇಲೆ ಹಾಗಲಕಾಯಿ ಏರಿತು. ಈ ಸಲ ಅದರಲ್ಲಿ ಮೋಸ ಇರಲಿಲ್ಲ. ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದ. ಜೋಳದ ಒಂದು ರೊಟ್ಟಿಯ ಮೇಲೆ ಎರಡನೆಯದನ್ನು ಮುಟ್ಟಲಿಲ್ಲ. ಬೆಳಗ್ಗೆ ಎದ್ದು ಗುಡ್ಡದ ದಾರಿಯಲ್ಲಿ ಕೆಂಧೂಳಿನಲ್ಲಿ ನಡೆದು ಬರುತ್ತಿದ್ದ. ಹಳೆಯ ಕಂಪನಿಯ ಬಸ್ಸುಗಳು ಪಕ್ಕದಲ್ಲಿ ಹೋಗುವಾಗ ಒಳಗಿದ್ದವರು ಕೂಗಿ ಮಾತಾಡಿಸಿದರೆ ನಿಲ್ಲದೆ ಕೈ ಬೀಸುತ್ತಿದ್ದ. ಮೈ ಇಳಿದು ಅಂಗಿ ಜೋತುಬಿತ್ತು, ಮುಖ ಮಾತ್ರ ಬೆಳಗುತ್ತಿತ್ತು. "ಇದನ್ನ ಮೊದಲ ಮಾಡಿದ್ರ ಅವತ್ತು ನಿನ್ನ ರಕ್ತ ಯಾಕ ಬೇಕಿತ್ತು" ಎಂದು ಒಮ್ಮೆ ಅಂದ. ಆಮೇಲೆ ತಾನೇ, "ಅವತ್ತು ಹಾಕದ ಇದ್ರ ನಿನ್ನ ರೋಗ ಯಾರಿಗೆ ಗೊತ್ತಾಗ್ತಿತ್ತು" ಎಂದ. ಅವನಿಗೆ ಅದರಲ್ಲೂ ಒಂದು ಸಮಾಧಾನ ಸಿಕ್ಕಿತ್ತು.

ಡಯಾಲಿಸಿಸ್ ಇಲ್ಲದ ದಿನ ಸುಧಾರಾಣಿ ಲ್ಯಾಬಿಗೆ ಹೋಗುತ್ತಿದ್ದಳು. ಕೊಟ್ರಯ್ಯ ಕುರ್ಚಿ ಹಾಕಿಸಿಕೊಟ್ಟಿದ್ದ. ಅವಳ ನಂಬರು ಬೇಕಿತ್ತು ಎನ್ನುವುದೂ ನಿಜ, ಅವನಿಗೆ ಕರುಳು ಇತ್ತು ಎನ್ನುವುದೂ ನಿಜ. ಬಳ್ಳಾರಿಗೆ ಬರುವ ಮೊದಲು ನಿಮ್ಮ ಲ್ಯಾಬಿನಲ್ಲೇ ಒಮ್ಮೆ ನೋಡಿಕೊಂಡು ರಿಪೋರ್ಟು ತನ್ನಿ ಎಂದು ಡಾಕ್ಟರು ಹೇಳಿದ್ದರಿಂದ ಓಬಳಪ್ಪ ಒಂದು ಬೆಳಗ್ಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬರಿಹೊಟ್ಟೆಯಲ್ಲಿ ಅಲ್ಲಿಗೆ ಬಂದ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ನಿಂತು ನೋಡಿದ.

"ಹೆಸರೇನ್ರಿ?" ಎಂದಳು ಸುಧಾರಾಣಿ, ರಬ್ಬರ್ ಪಟ್ಟಿ ಕಟ್ಟುತ್ತ.

"ಓಬಳಪ್ಪ, ತಂದೆ ಮೂಕಣ್ಣ" ಎಂದ. ಇಬ್ಬರೂ ನಕ್ಕರು. ಈ ಸಲ ಓಬಳಪ್ಪನ ಹೆಸರಿನ ಬಾಟಲಿಗೆ ಓಬಳಪ್ಪನ ರಕ್ತವೇ ಇಳಿಯಿತು.

ಮೆಷಿನ್ನು ಅಂಕಿ ತೋರಿಸಿದಾಗ ಅವಳಿಗೆ ನಂಬಲಾಗಲಿಲ್ಲ. ಮೂರು ತಿಂಗಳ ಸಕ್ಕರೆ ಎಂದೂ ಕಾಣದಷ್ಟು ಇಳಿದಿತ್ತು. ಈಗ ಎಲ್ಲ ತಿಳಿದಿದ್ದ ಹುಲುಗೇಶ್ ಹಿಂದಿನಿಂದ ಇಣುಕಿ, "ಮಸ್ತ್ ಐತಲ್ಲ ತಂಗಿ" ಎಂದ. ಬಹಳ ತಿಂಗಳ ಮೇಲೆ ಅವಳ ಎದೆಯಲ್ಲಿ ಆಸೆ ಎಂಬುದು ಮಿಸುಕಾಡಿತು. ಬದುಕುತ್ತೇನೇನೋ ಎಂದುಕೊಂಡಳು. ಆಮೇಲೆ ಮೂತ್ರದ ಡಬ್ಬಿಯನ್ನು ತೆಗೆದುಕೊಂಡು, ಬಣ್ಣದ ಚೌಕಗಳಿರುವ ಸಣ್ಣ ಪಟ್ಟಿಯನ್ನು ಅದರಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿದಳು. ಓಬಳಪ್ಪ ಅವಳ ಕುರ್ಚಿಯ ಪಕ್ಕದಲ್ಲೇ ಬಂದು ನಿಂತಿದ್ದ.

ಪ್ರೋಟೀನಿನ ಚೌಕ ಹಳದಿಯಾಗಿಯೇ ಉಳಿಯಬೇಕು. ಅದು ನೋಡನೋಡುತ್ತ ಹಸಿರಾಯಿತು, ಕಡು ಹಸಿರಾಯಿತು. ಅವಳು ಇನ್ನೊಂದು ಪಟ್ಟಿ ತೆಗೆದು ಅದ್ದಿದಳು. ಅದೂ ಹಸಿರಾಯಿತು. ಹಾಗಲಕಾಯಿಯಲ್ಲಿ ಮುಚ್ಚಿಟ್ಟ ಅಷ್ಟು ವರ್ಷಗಳ ಶುಗರ್, ಗುಳಿಗೆಯಿಲ್ಲದೆ, ಅಪ್ಪನ ಕಿಡ್ನಿಯನ್ನೂ ಒಳಗೊಳಗೇ ತಿಂದಿತ್ತು.

"ಹಸಿರು ಬಂತಲ್ಲವ್ವ" ಎಂದ ಓಬಳಪ್ಪ. "ಚೊಲೋ ಅಲ್ಲೇನು?"

ಅವಳು ಪಟ್ಟಿಯನ್ನು ಹಿಡಿದುಕೊಂಡೇ ಇದ್ದಳು. ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು. ಅವನು ಹೋಗಿ ಬಾಗಿಲು ಮುಂದೆ ಮಾಡಿ ಬಂದ. ಹುಲುಗೇಶ್ ಹೊರಗೆ ರೋಗಿಗಳನ್ನು ಕೂರಿಸುತ್ತಿದ್ದ.

"ಸುಧವ್ವ, ಅವತ್ತು ಮಾಡಿದಂಗ ಮಾಡು. ಹುಲುಗೇಶಂದು ತಗೊಂಡು ನನ್ನ ಹೆಸರಿನ್ಯಾಗ ಹಾಕು. ಅವಗ ನಾ ಹೇಳ್ತೀನಿ, ಕಾಲು ಹಿಡಿತೀನಿ."

"ಬಳ್ಳಾರ್ಯಾಗ ಮತ್ತ ನೋಡ್ತಾರಪ್ಪ."

"ಅಲ್ಲಿನೂ ನಿಮ್ಮಂಥಾರು ಯಾರಾರ ಇರ್ತಾರಲ್ಲ. ಕೇಳೋಣು. ನನ್ನ ಕೆಲಸದ ಸಲುವಾಗಿ ಮಾಡಿದಿ. ನಿನ್ನ ಜೀವದ ಸಲುವಾಗಿ ಒಂದು ಸಲ ಮಾಡಬಾರದೇನು?"

"ಹೆಸರು ಬದಲು ಮಾಡಬಹುದಪ್ಪ. ನನ್ನ ಹೊಟ್ಟ್ಯಾಗ ಹಾಕೋದು ನಿನ್ನ ಕಿಡ್ನಿನ ಅಲ್ಲ? ಅದು ನಿನಗ ಸಾಲವಲ್ದು, ನನಗ ಹೆಂಗ ಸಾಕಾಗ್ತೈತಿ?"

ಓಬಳಪ್ಪ ನಿಂತೇ ಇದ್ದ. ಕೈ ಇನ್ನೂ ಮುಂದಕ್ಕೆ ಚಾಚಿದ್ದ, ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ರಕ್ತ ತೆಗೆದ ಜಾಗದಲ್ಲಿ ಹತ್ತಿ ಅಂಟಿತ್ತು. ಅವಳು ಆ ತೋಳನ್ನು ನೋಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಕಂಪ್ಯೂಟರಿಗೆ ಹಾಕಿ ಪ್ರಿಂಟು ತೆಗೆದಳು. ಕಾಗದದ ಮೇಲೆ ಅಪ್ಪನ ಹೆಸರು ಸರಿಯಾಗಿತ್ತು. ಕೆಳಗೆ ಎಡಕ್ಕೆ, ಪರೀಕ್ಷಿಸಿದವರು ಎಂಬಲ್ಲಿ, ಸಹಿ ಮಾಡಿ ಬೋರ್ಡಿನ ನಂಬರು ಬರೆದಳು.